ಮೆಕೆಂಜಿ ಮನೆತನದ ಮೂಲ: ನಮ್ಮ ಬಳಗದ ಗುಂಪಿನಲ್ಲಿ ನಡೆದ ಚರ್ಚೆ

ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಹಿಂದಿನ ವಾರ ನಡೆದ ಮಾತುಕತೆಯನ್ನು ಹಿರಿಯರ ಒಪ್ಪಿಗೆ ಪಡೆದು, ಹೆಸರುಗಳನ್ನು ತೆಗೆದು ಇಲ್ಲಿ ಹಾಕುತ್ತಿದ್ದೇನೆ. ದೊಡ್ಡಪ್ಪನ ಮಗಳ ಮಗಳು ಪುಟ್ಟಿ ಸ್ಕಾಟ್ಲೆಂಡಿನ ಇನ್ವರ್ನೆಸ್‌ನಲ್ಲಿ ಕೆಲಸದಲ್ಲಿದ್ದಾಳೆ. ಅವಳು ಮದುವೆಯಾಗಲಿರುವ ಹುಡುಗನ ಮನೆತನದ ಹೆಸರು ಮೆಕೆಂಜಿ. ನಮ್ಮದು ತಲೆಮಾರುಗಳಿಂದ ಶಾನುಭೋಗಿಕೆ ಮಾಡಿಕೊಂಡು ಬಂದ ಮನೆಯಾದ್ದರಿಂದ ಹಿರಿಯರು ಫೋನಿನಲ್ಲೂ ಕಾಗದ ಬರೆದಂತೆಯೇ ಬರೆಯುತ್ತಾರೆ.

ಮೈಸೂರು ಚಿಕ್ಕಪ್ಪ (ಫಾರ್ವರ್ಡ್ ಮಾಡಿದ್ದು): ಮೆಕೆಂಜಿ ಎಂಬ ಹೆಸರಿನ ಹಿಂದಿರುವ ರೋಮಾಂಚಕ ಇತಿಹಾಸ ನಿಮಗೆ ಗೊತ್ತೇ? ಐರ್ಲೆಂಡಿನ ಶ್ರೇಷ್ಠ ಕುಲೀನ ವಂಶದ ಕಾಲಿನ್ ಫಿಟ್ಜ್‌ಜೆರಾಲ್ಡ್ 1263ರ ಲಾರ್ಗ್ಸ್ ಯುದ್ಧದಲ್ಲಿ ನಾರ್ವೆಯವರ ವಿರುದ್ಧ ಹೋರಾಡಿದನು. ಬೇಟೆಯಲ್ಲಿ ಕೆರಳಿದ ಸಾರಂಗವೊಂದು ಸ್ಕಾಟ್ಲೆಂಡಿನ ದೊರೆ ಮೂರನೆಯ ಅಲೆಕ್ಸಾಂಡರನ ಮೇಲೆ ಎರಗಿದಾಗ ಅಡ್ಡ ಬಂದು ಅವನ ಪ್ರಾಣ ಉಳಿಸಿದನು. ಮೆಚ್ಚಿದ ದೊರೆ 1266ರಲ್ಲಿ ಕಿಂಟೇಲ್ ಪ್ರದೇಶವನ್ನು ಉಂಬಳಿಯಾಗಿ ಕೊಟ್ಟನು. ಅಂದಿನಿಂದ ಅವರ ಲಾಂಛನದಲ್ಲಿ ಸಾರಂಗದ ತಲೆಯಿದೆ. ಸಾವಿರ ವರ್ಷಗಳಿಂದ ಅವರು ತಮ್ಮದೇ ಚೌಕಳಿಯ ಉಡುಪನ್ನು ಧರಿಸುತ್ತಾ ಬಂದಿದ್ದಾರೆ. ಜೊತೆಗಿರುವ ಚಿತ್ರವೇ ಇದಕ್ಕೆ ಸಾಕ್ಷಿ. ಎಲ್ಲರಿಗೂ ಹಂಚಿರಿ.

ದೊಡ್ಡಪ್ಪ: ಓದಿ ಮನಸ್ಸಿಗೆ ಬಹಳ ಸಮಾಧಾನವಾಯಿತು. ಹುಡುಗನ ಕಡೆಯವರು ಯಾರು, ಎತ್ತ ಎಂದು ಊರಿನಲ್ಲಿ ಕೇಳುವವರಿಗೆ ಏನು ಹೇಳುವುದೆಂಬ ಚಿಂತೆ ನನಗಿತ್ತು. ದೇಶ ಯಾವುದಾದರೇನು, ದೊರೆಯ ಪ್ರಾಣ ಉಳಿಸಿದವನ ಪೀಳಿಗೆ ಎಂದರೆ ಸಂಸ್ಕಾರವಂತರೇ ಆಗಿರುತ್ತಾರೆ. ಲಗ್ನಪತ್ರಿಕೆಯಲ್ಲಿ ಹುಡುಗನ ಹೆಸರಿನ ಕೆಳಗೆ ‘ಕಾಲಿನ್ ಫಿಟ್ಜ್‌ಜೆರಾಲ್ಡನ ವಂಶಸ್ಥರು’ ಎಂದು ಒಂದು ಸಾಲು ಹಾಕಿಸಿ, ಮೇಲೆ ಆ ಸಾರಂಗದ ತಲೆಯನ್ನು ಚಿಕ್ಕದಾಗಿ ಅಚ್ಚು ಮಾಡಿಸೋಣ.

ಕಾರ್ಕಳದ ಅತ್ತೆ: ಅಣ್ಣ, ಬಹಳ ಒಳ್ಳೆಯ ವಿಚಾರ. ಪುಟ್ಟಿ ನನಗೆ ತಂದುಕೊಟ್ಟ ನೀಲಿ ಹಸಿರು ಚೌಕಳಿಯ ಶಾಲು ಸಾವಿರ ವರ್ಷದ ಪರಂಪರೆಯದ್ದೆಂದು ತಿಳಿದಿರಲಿಲ್ಲ. ಅದನ್ನು ಮದುವೆಗೇ ಹೊದೆಯುತ್ತೇನೆ.

ನಾನು: ದೊಡ್ಡಪ್ಪ, ಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ ಒಂದೆರಡು ವಿಷಯ ಹೇಳಲು ಅನುಮತಿ ಕೊಡಿ. ಸಾಕ್ಷಿ ಎಂದು ಕಳುಹಿಸಿರುವ ಚಿತ್ರವನ್ನು ಬೆಂಜಮಿನ್ ವೆಸ್ಟ್ ಎಂಬ ಕಲಾವಿದ 1786ರಲ್ಲಿ ಬರೆದನು. ಆಗ ಮೆಕೆಂಜಿಗಳ ಮುಖ್ಯಸ್ಥನಾಗಿದ್ದ ಫ್ರಾನ್ಸಿಸ್ ಹಂಬರ್‌ಸ್ಟನ್ ಮೆಕೆಂಜಿಯೇ ಹಣ ಕೊಟ್ಟು ಅದನ್ನು ಬರೆಸಿದ್ದು. ಘಟನೆ ನಡೆಯಿತೆಂದು ಹೇಳುವ ಕಾಲಕ್ಕೂ ಚಿತ್ರಕ್ಕೂ ಐದು ಶತಮಾನಗಳ ಅಂತರವಿದೆ. ಈ ಸಂದೇಶವನ್ನು ಬರೆದವರು ಯಾರು, ಯಾವ ದಾಖಲೆಯನ್ನು ನೋಡಿ ಬರೆದರು ಎಂಬುದನ್ನು ಚಿಕ್ಕಪ್ಪ ದಯವಿಟ್ಟು ತಿಳಿಸಬೇಕು.

ಮೈಸೂರು ಚಿಕ್ಕಪ್ಪ: ನಾನು ಬರೆದದ್ದಲ್ಲ, ನನಗೆ ಬಂದದ್ದನ್ನು ಕಳುಹಿಸಿದ್ದೇನೆ ಅಷ್ಟೇ. ನಮ್ಮ ಮನೆಗೆ ಸಂಬಂಧಪಟ್ಟ ವಿಷಯವೆಂಬ ಅಭಿಮಾನದಿಂದ ಹಂಚಿಕೊಂಡೆ. ಇಲ್ಲಿ ಯಾರು ಏನು ಹಾಕಿದರೂ ದಾಖಲೆ ಕೇಳುವುದು ನಿನಗೆ ಅಭ್ಯಾಸವಾಗಿಬಿಟ್ಟಿದೆ.

ದೊಡ್ಡಪ್ಪ: ನನ್ನ ಷಷ್ಟ್ಯಬ್ದಿಯಲ್ಲಿ ನಮ್ಮ ವಂಶಾವಳಿಯ ಪುಸ್ತಿಕೆ ಹಂಚಿದಾಗಲೂ ಇವಳು ಹೀಗೆಯೇ ಮಾಡಿದಳು. ನಮ್ಮ ಮೂಲಪುರುಷರಿಗೆ ಕೆಳದಿಯ ಅರಸರು ಭೂಮಿ ಬಿಟ್ಟುಕೊಟ್ಟರೆಂದು ಬರೆಸಿದ್ದಕ್ಕೆ, ಬಂದ ಅತಿಥಿಗಳ ಎದುರಿನಲ್ಲಿಯೇ ತಾಮ್ರಪಟ ಎಲ್ಲಿದೆ ಎಂದು ಕೇಳಿದಳು. ಅದನ್ನು ನಾನು ಮರೆತಿಲ್ಲ. ಹಿರಿಯರ ಮಾತಿಗೆ ಹಿರಿಯರೇ ದಾಖಲೆ ಎಂದು ತಿಳಿದು ನಡೆಯುವುದನ್ನು ಓದಿದವರೂ ಕಲಿಯಬೇಕು.

ನಾನು: ಆ ದಿನ ಕೇಳಿದ ರೀತಿ ನಿಮಗೆ ನೋವು ಕೊಟ್ಟಿದ್ದರೆ ಅದರ ಬಗ್ಗೆ ಮನೆಗೆ ಬಂದು ಮಾತನಾಡುತ್ತೇನೆ ದೊಡ್ಡಪ್ಪ. ಆದರೆ ಈಗ ಅಚ್ಚಾಗಲಿರುವುದು ಬೇರೆಯವರ ಮನೆತನದ ಕಥೆ, ಅದನ್ನು ಅವರ ಊರಿನವರೂ ಓದುತ್ತಾರೆ. ಫಿಟ್ಜ್‌ಜೆರಾಲ್ಡನ ಕಥೆ ಹದಿನೇಳನೆಯ ಶತಮಾನದಲ್ಲಿ ಪ್ರಚಾರಕ್ಕೆ ಬಂದದ್ದು. ಮುಂದೆ ಕ್ರೊಮಾರ್ಟಿಯ ಮೊದಲ ಅರ್ಲ್ ಎಂಬ ಕುಲೀನ ಪದವಿಗೆ ಏರಿದ ಜಾರ್ಜ್ ಮೆಕೆಂಜಿ ತನ್ನ ಮನೆತನದ ಚರಿತ್ರೆ ಬರೆದಾಗ ಇದನ್ನು ಮೂಲಕಥೆಯಾಗಿ ನಿಲ್ಲಿಸಿದನು. 1266ರ ದಾನಪತ್ರವೆಂದು ತೋರಿಸುತ್ತಿದ್ದುದನ್ನು ಇತಿಹಾಸಕಾರರು ನಂತರದ ಕಾಲದ ಸೃಷ್ಟಿ ಎಂದು ತಳ್ಳಿಹಾಕಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕೀನ್ ಎಂಬ ವಿದ್ವಾಂಸರು ಸ್ಕಾಟ್ಲೆಂಡಿನ ಹಳೆಯ ಭಾಷೆಯಾದ ಗೇಲಿಕ್‌ನಲ್ಲಿರುವ 1467ರ ಒಂದು ಹಸ್ತಪ್ರತಿಯನ್ನು ಬೆಳಕಿಗೆ ತಂದರು. ಅದರಲ್ಲಿರುವ ವಂಶಾವಳಿಯ ಪ್ರಕಾರ ಮೆಕೆಂಜಿಗಳು ಗಿಲ್ಲಿಯೋನ್ ಎಂಬ ಸ್ಥಳೀಯ ಗೇಲಿಕ್ ಮೂಲಪುರುಷನ ಸಂತತಿ, ಪಕ್ಕದ ಮ್ಯಾಥೆಸನ್ ಮನೆತನದವರಿಗೆ ದಾಯಾದಿಗಳು. ಹೆಸರೂ ಅದನ್ನೇ ಹೇಳುತ್ತದೆ, ಅದು ಗೇಲಿಕ್‌ನಲ್ಲಿ ‘ಕೊನ್ಯಾಖ್ ಎಂಬವನ ಮಗ’ ಎಂದಾಗುತ್ತದೆ. ಅಂದರೆ ಅವರು ಹೊರಗಿನಿಂದ ಬಂದು ಉಂಬಳಿ ಪಡೆದವರಲ್ಲ, ಆ ಬೆಟ್ಟದ ಸೀಮೆಯಲ್ಲಿಯೇ ಬೆಳೆದ ಜನ. ಇದು ಯಾವ ವಿಧದಲ್ಲೂ ಕಡಿಮೆ ಗೌರವದ ಮೂಲವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ತೀರ್ಥಹಳ್ಳಿ ಭಾವ: ವಂಶಾವಳಿ ಎಂದ ಕೂಡಲೇ ಅಜ್ಜನ ಕಡತ ನೆನಪಾಯಿತು. ಹುಣಸೆಬೀಜದ ಸರಿಯೂ ಇದ್ದಿಲ ಪುಡಿಯೂ ಬಳಿದು ಗಟ್ಟಿಯಾದ ಆ ಕಪ್ಪು ಬಟ್ಟೆಯನ್ನು ಜಗಲಿಯ ಮೇಲೆ ಮಡಿಕೆ ಮಡಿಕೆಯಾಗಿ ಬಿಡಿಸಿದರೆ ಕಂಬದಿಂದ ಕಂಬಕ್ಕೆ ಮುಟ್ಟುತ್ತಿತ್ತು. ಬಳಪದಲ್ಲಿ ಬರೆದ ಗದ್ದೆಯ ಲೆಕ್ಕಗಳ ಕೊನೆಯ ಮಡಿಕೆಯಲ್ಲಿ ಮನೆಯ ಹಿರಿಯರ ಹೆಸರುಗಳಿದ್ದವು. ಬೇಸಿಗೆ ರಜೆಯಲ್ಲಿ ನಾವೆಲ್ಲ ಅದರ ಮೇಲೆ ಕೈಯಿಟ್ಟರೆ ಅಕ್ಷರ ಅಳಿಸುತ್ತದೆಂದು ಅಜ್ಜ ಗದರುತ್ತಿದ್ದರು. ಎಂತಹ ದಿನಗಳು ಅವು!

ಕಾರ್ಕಳದ ಅತ್ತೆ: ಆ ಕಡತ ಈಗ ಯಾರ ಮನೆಯಲ್ಲಿದೆ ಎಂಬುದನ್ನೂ ಹೇಳಬೇಕಲ್ಲವೇ? ಮನೆ ಪಾಲಾದಾಗ ಪೆಟ್ಟಿಗೆಯಲ್ಲಿದ್ದದ್ದು ಆಮೇಲೆ ಕಾಣಲಿಲ್ಲ.

ಮೈಸೂರು ಚಿಕ್ಕಪ್ಪ: ಅಕ್ಕ, ಅದು ನನ್ನ ಹತ್ತಿರವೇ ಇದೆ. ಗೆದ್ದಲು ಹತ್ತದಂತೆ ಕಾಪಾಡಿಕೊಂಡು ಬಂದದ್ದಕ್ಕೆ ಈ ಮಾತೇ? ಬೇಕಾದವರು ಬಂದು ನೋಡಬಹುದಿತ್ತು. ಇಷ್ಟು ವರ್ಷ ಯಾರೂ ಕೇಳಲಿಲ್ಲ.

ನಾನು: ಕಡತದ ಮಾತು ಬಂದದ್ದು ಒಳ್ಳೆಯದೇ ಆಯಿತು. ಅದಕ್ಕೂ ಮೆಕೆಂಜಿ ಎಂಬ ಹೆಸರಿಗೂ ನಿಜವಾದ ಸಂಬಂಧವಿದೆ. ನಮ್ಮ ನಾಡಿನ ಕೈಫಿಯತ್ತುಗಳನ್ನು, ಅಂದರೆ ಊರೂರಿನ ಚರಿತ್ರೆಯ ಬರಹಗಳನ್ನು, ಸಂಗ್ರಹಿಸಿದ ಕರ್ನಲ್ ಕಾಲಿನ್ ಮೆಕೆಂಜಿ ಇದೇ ಕ್ಲಾನಿನ, ಅಂದರೆ ಕುಲದ, ಹೆಸರಿನವನು. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಲೂಯಿಸ್ ದ್ವೀಪದ ಸ್ಟಾರ್ನೊವೇ ಪಟ್ಟಣದಲ್ಲಿ ಹುಟ್ಟಿ, 1783ರಲ್ಲಿ ಭಾರತಕ್ಕೆ ಬಂದು, ಮೈಸೂರು ಸೀಮೆಯ ಸರ್ವೆ ನಡೆಸಿ, 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದನು. ಅವನ ಪರವಾಗಿ ಕಾವಲಿ ವೆಂಕಟ ಬೋರಯ್ಯ, ಅವರ ತಮ್ಮ ಲಕ್ಷ್ಮಯ್ಯ, ಜೈನ ಪಂಡಿತರಾದ ಧರ್ಮಯ್ಯ ಮುಂತಾದವರು ಹಳ್ಳಿಹಳ್ಳಿಗೆ ಹೋಗಿ, ನಮ್ಮಂತಹ ಶಾನುಭೋಗರ ಮನೆಗಳ ಕಡತಗಳಿಂದಲೂ ಹಿರಿಯರ ಬಾಯಿಂದಲೂ ಊರಿನ ಚರಿತ್ರೆಯನ್ನು ಬರೆದುಕೊಂಡರು. ಕೈಫಿಯತ್ತನ್ನು ಓದಿದವರಿಗೆ ಗೊತ್ತಿರುತ್ತದೆ. ಮೊದಲ ಭಾಗದಲ್ಲಿ ಪಾಂಡವರೋ ಋಷಿಗಳೋ ಬರುತ್ತಾರೆ, ನಂತರ ಅರಸರು, ಕೊನೆಗೆ ಕಂದಾಯ, ಕೆರೆ, ಗಡಿಜಗಳದ ನಿಜಸಂಗತಿಗಳು. ಮೊದಲ ಭಾಗ ಸುಳ್ಳೆಂದು ಯಾರೂ ಕೈಫಿಯತ್ತನ್ನು ಎಸೆಯುವುದಿಲ್ಲ. ಆ ಊರಿನವರು ಯಾವ ಕಾಲದಲ್ಲಿ, ಯಾವ ಹಕ್ಕಿಗಾಗಿ ಆ ಮಾತನ್ನು ಹೇಳಿಕೊಂಡರು ಎಂದು ಅದರಿಂದ ತಿಳಿಯುತ್ತೇವೆ. ಸಾರಂಗದ ಕಥೆಯನ್ನೂ ಹಾಗೆಯೇ ಓದಬೇಕು. ಕಿಂಟೇಲಿನ ಮೆಕೆಂಜಿಗಳು 1609ರಲ್ಲಿ ಲಾರ್ಡ್ ಪದವಿಗೂ 1623ರಲ್ಲಿ ಸೀಫೋರ್ತಿನ ಅರ್ಲ್ ಪದವಿಗೂ ಏರಿದ್ದರು. ಹೊಸದಾಗಿ ಮೇಲೆ ಬಂದ ಮನೆಗೆ ಹಳೆಯ ರಾಜಸಂಬಂಧವೊಂದು ಬೇಕಾಗಿತ್ತು.

ಮೈಸೂರು ಚಿಕ್ಕಪ್ಪ: ಆ ಕರ್ನಲ್ ಮೆಕೆಂಜಿ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿಯೂ ಎಂಜಿನಿಯರ್ ಆಗಿದ್ದನು. ಮೈಸೂರಿನಲ್ಲಿರುವ ನನಗೆ ಅದೂ ಗೊತ್ತಿದೆ. ಕೋಟೆ ಕೆಡವಲು ಬಂದವನನ್ನು ಹೊಗಳುವಾಗ ನಿನಗೆ ದಾಖಲೆ ಬೇಡ, ನಾನು ಕಳುಹಿಸಿದ್ದಕ್ಕೆ ಮಾತ್ರ ಬೇಕು.

ನಾನು: ಮುತ್ತಿಗೆಯಲ್ಲಿದ್ದದ್ದು ನಿಜ ಚಿಕ್ಕಪ್ಪ, ಅದನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ. ಸರ್ವೆಯೂ ಗೆದ್ದ ನಾಡನ್ನು ಅಳೆದುಕೊಳ್ಳಲು ಕಂಪನಿ ಮಾಡಿಸಿದ ಕೆಲಸವೇ. ಆದರೂ ಆ ಸಂಗ್ರಹದ ಬಹುಭಾಗ ಇಂದು ಚೆನ್ನೈನ ಸರ್ಕಾರಿ ಹಸ್ತಪ್ರತಿ ಗ್ರಂಥಾಲಯದಲ್ಲಿ ಉಳಿದಿರುವುದರಿಂದ, ಬೇರೆಲ್ಲೂ ಸಿಗದ ಊರುಗಳ ಚರಿತ್ರೆ ನಮಗೆ ಸಿಗುತ್ತಿದೆ.

ತೀರ್ಥಹಳ್ಳಿ ಭಾವ: ಕಾರ್ಕಳದ ಗೊಮ್ಮಟನ ಮುಂದೆ ನಿಂತಿರುವಂತೆ ಅವನ ಒಂದು ವರ್ಣಚಿತ್ರ ಇದೆಯಲ್ಲವೇ? ಅಮ್ಮ, ನಾವು ಮಕ್ಕಳಾಗಿದ್ದಾಗ ಬಂಡೆ ಹತ್ತಿ ಗೊಮ್ಮಟನ ಪಾದದ ಬಳಿ ಕುಳಿತು ಅವಲಕ್ಕಿ ತಿನ್ನುತ್ತಿದ್ದೆವು.

ನಾನು: ಹೌದು ಭಾವ, 1816ರಲ್ಲಿ ಥಾಮಸ್ ಹಿಕ್ಕಿ ಬರೆದ ಚಿತ್ರ. ಕೆಂಪು ಅಂಗಿಯ ಕರ್ನಲ್ ನಡುವೆ ನಿಂತಿದ್ದಾನೆ, ಜೊತೆಗೆ ಮೂವರು ಭಾರತೀಯ ಸಹಾಯಕರಿದ್ದಾರೆ, ಹಿಂದೆ ದೂರದಲ್ಲಿ 1432ರಲ್ಲಿ ಸ್ಥಾಪನೆಯಾದ ನಮ್ಮ ಗೊಮ್ಮಟ ಕಾಣುತ್ತಾನೆ. ಇನ್ನು ಅತ್ತೆಯ ಶಾಲಿನ ವಿಷಯ. ಆ ಚೌಕಳಿಯನ್ನು ಸರಿಯಾಗಿ ನೋಡಿದರೆ ನೀಲಿ, ಹಸಿರು, ಕಪ್ಪಿನ ಮೇಲೆ ಬಿಳಿ ಮತ್ತು ಕೆಂಪು ಗೆರೆಗಳಿರುತ್ತವೆ. ಅದು ಸೈನ್ಯದ ಸಮವಸ್ತ್ರದ ಬಟ್ಟೆಯಿಂದ ಬಂದದ್ದು. ಸೀಫೋರ್ತಿನ ಅರ್ಲ್ 1778ರಲ್ಲಿ ಕಟ್ಟಿದ ಪಡೆ ಅದನ್ನು ತೊಟ್ಟಿತು. ಆ ಪಡೆ ಮುಂದೆ ಭಾರತದಲ್ಲಿ ಟಿಪ್ಪುವಿನ ವಿರುದ್ಧವೂ ಯುದ್ಧ ಮಾಡಿತು. ಒಂದೊಂದು ಕ್ಲಾನಿಗೆ ಒಂದೊಂದು ಚೌಕಳಿ ಎಂಬ ಕಟ್ಟುನಿಟ್ಟಾದ ಪದ್ಧತಿ ಬೇರೂರಿದ್ದು 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೊಗೆ ಬಂದ ಕಾಲದಿಂದೀಚೆಗೆ. ಅದಕ್ಕೂ ಹಿಂದೆ, 1746ರಿಂದ 1782ರ ತನಕ, ಸೈನಿಕರಲ್ಲದ ಗಂಡಸರು ಹೈಲ್ಯಾಂಡ್ ಎಂಬ ಆ ಬೆಟ್ಟದ ಸೀಮೆಯ ಉಡುಪು ತೊಡುವುದನ್ನೇ ಕಾನೂನು ನಿಷೇಧಿಸಿತ್ತು.

ಕಾರ್ಕಳದ ಅತ್ತೆ: ಸಾವಿರ ವರ್ಷವಲ್ಲದಿದ್ದರೂ ಎರಡು ನೂರು ವರ್ಷದ್ದಾಯಿತಲ್ಲ, ನಾನು ಹೊದೆಯುವುದೇ ಸೈ. ಪುಟ್ಟಿಯನ್ನೇ ಕೇಳಬಾರದೇ? ಅವಳ ಮದುವೆಯ ಮಾತನ್ನು ಅವಳನ್ನು ಬಿಟ್ಟು ಎಲ್ಲರೂ ಆಡುತ್ತಿದ್ದೇವೆ.

ಪುಟ್ಟಿ: ಅಜ್ಜ, ಎಲ್ಲವನ್ನೂ ಈಗ ಓದಿದೆ. ಇವರ ಮನೆಯವರು ಲೂಯಿಸ್ ದ್ವೀಪದವರು, ತಲೆಮಾರುಗಳಿಂದ ಸಣ್ಣ ಹಿಡುವಳಿಯ ಗೇಣಿದಾರರು. ಆ ದ್ವೀಪ ಹಿಂದೆ ಮ್ಯಾಕ್‌ಲಿಯೋಡರದ್ದಾಗಿತ್ತು. 1610ರಲ್ಲಿ ಕಿಂಟೇಲಿನ ಮೆಕೆಂಜಿಗಳ ಕೈಸೇರಿ, 1844ರಲ್ಲಿ ಮಾರಾಟವಾಯಿತು. ಹೆಸರು ಒಂದೇ ಆದ ಮಾತ್ರಕ್ಕೆ ಎಲ್ಲರೂ ಮುಖ್ಯಸ್ಥನ ರಕ್ತಸಂಬಂಧಿಗಳಲ್ಲ. ಎಷ್ಟೋ ಕುಟುಂಬಗಳು ಒಡೆಯನ ಆಶ್ರಯದಲ್ಲಿದ್ದಾಗ ಅವನ ಹೆಸರನ್ನೇ ಇಟ್ಟುಕೊಂಡವು, ತಮ್ಮದೂ ಹಾಗೆಯೇ ಇರಬಹುದೆಂದು ಇವರ ತಂದೆ ಹೇಳುತ್ತಾರೆ. ಅದರಲ್ಲಿ ಅವರಿಗೆ ಯಾವ ಸಂಕೋಚವೂ ಇಲ್ಲ. ಒಂದೇ ಊರಿನಲ್ಲಿ ಒಂದೇ ಹೆಸರಿನವರು ಬಹಳ ಮಂದಿ ಇರುವುದರಿಂದ ಇವರ ಅಜ್ಜಿ ಇಂದಿಗೂ ಗೇಲಿಕ್‌ನಲ್ಲಿ ತಂದೆಯ ಹೆಸರು, ತಾತನ ಹೆಸರು ಸೇರಿಸಿಯೇ ಜನರನ್ನು ಗುರುತಿಸುತ್ತಾರೆ. ಸಾರಂಗದ ತಲೆಯನ್ನು ದಯವಿಟ್ಟು ಅಚ್ಚು ಹಾಕಿಸಬೇಡಿ. ನೀಲಿ ಗುರಾಣಿಯ ಮೇಲಿನ ಚಿನ್ನದ ಸಾರಂಗದ ತಲೆ ಕ್ಲಾನಿನ ಮುಖ್ಯಸ್ಥರ ಸ್ವಂತ ಲಾಂಛನ. ಇಲ್ಲಿ ಲಾರ್ಡ್ ಲಯನ್ ಎಂಬ ಅಧಿಕಾರಿಯ ನ್ಯಾಯಾಲಯವೇ ಇದೆ, ಇನ್ನೊಬ್ಬರ ಲಾಂಛನವನ್ನು ತನ್ನದೆಂಬಂತೆ ಬಳಸುವುದು ಸ್ಕಾಟ್ಲೆಂಡಿನಲ್ಲಿ ಕಾನೂನಿಗೆ ವಿರುದ್ಧ. ಉಳಿದವರು ಧರಿಸಬಹುದಾದದ್ದು ಬೆಲ್ಟು ಬಕಲ್ಲಿನ ಚೌಕಟ್ಟಿನೊಳಗಿರುವ ಉರಿಯುವ ಬೆಟ್ಟದ ಬಿಲ್ಲೆ. ಅದರ ಮೇಲೆ ಲ್ಯಾಟಿನ್‌ನಲ್ಲಿ ‘ಬೆಳಗುತ್ತೇನೆ, ಸುಡುವುದಿಲ್ಲ’ ಎಂದಿದೆ.

ದೊಡ್ಡಪ್ಪ: ‘ಬೆಳಗುತ್ತೇನೆ, ಸುಡುವುದಿಲ್ಲ’ ಎಂಬ ಮಾತು ಬಹಳ ದೊಡ್ಡದು. ದೀಪದ ಬಗ್ಗೆ ನಮ್ಮ ಹಿರಿಯರು ಹೇಳಿದ್ದೂ ಅದನ್ನೇ. ಗೇಣಿದಾರರಾಗಿದ್ದರೆಂದು ಮುಚ್ಚುಮರೆಯಿಲ್ಲದೆ ಹೇಳುವ ಬೀಗರು ಸಿಕ್ಕಿದ್ದು ನನಗೆ ಫಿಟ್ಜ್‌ಜೆರಾಲ್ಡನಿಗಿಂತ ಹೆಚ್ಚಿನದು. ಪತ್ರಿಕೆಯಲ್ಲಿ ಆ ಸಾಲೂ ಬೇಡ, ಸಾರಂಗವೂ ಬೇಡ. ‘ಲೂಯಿಸ್ ದ್ವೀಪದ ಮೆಕೆಂಜಿ ಮನೆಯವರು’ ಎಂದು ಹಾಕಿಸೋಣ. ಆದರೆ ಕೆಳದಿಯ ಅರಸರ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ ಎಂಬುದನ್ನೂ ಇಲ್ಲಿಯೇ ಬರೆದಿಡುತ್ತೇನೆ.

ಮೈಸೂರು ಚಿಕ್ಕಪ್ಪ: ಅಣ್ಣ ಹಾಗೆ ಹೇಳಿದ ಮೇಲೆ ನನ್ನದೇನೂ ತಕರಾರಿಲ್ಲ. ನನಗೆ ಸಂದೇಶ ಕಳುಹಿಸಿದವರಿಗೆ ಈ ವಿವರಗಳನ್ನು ತಿಳಿಸುತ್ತೇನೆ. ಅವರು ಒಪ್ಪುವುದು ಅನುಮಾನ.

ಕಾರ್ಕಳದ ಅತ್ತೆ: ಮದುವೆಗೆ ಬರುವಾಗ ಕಡತವನ್ನೂ ತೆಗೆದುಕೊಂಡು ಬಾ. ಎಲ್ಲರೂ ಸೇರಿರುವಾಗ ಕೊನೆಯ ಮಡಿಕೆಯಲ್ಲಿ ಏನಿದೆಯೆಂದು ಓದಿಸೋಣ.

ಮೈಸೂರು ಚಿಕ್ಕಪ್ಪ: ತರುತ್ತೇನೆ ಅಕ್ಕ, ಆದರೆ ವಾಪಸ್ಸು ನಾನೇ ತೆಗೆದುಕೊಂಡು ಹೋಗುತ್ತೇನೆ.

ನಾನು: ದೊಡ್ಡಪ್ಪ, ಹುಡುಗನ ತಂದೆತಾಯಿಯ ಹೆಸರುಗಳನ್ನು ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ಪುಟ್ಟಿಯ ಹತ್ತಿರ ಉಚ್ಚಾರಣೆ ಕೇಳಿಕೊಂಡು, ಮುದ್ರಣಾಲಯದವರಿಗೆ ಶುಕ್ರವಾರದೊಳಗೆ ಕರಡು ಕಳುಹಿಸುತ್ತೇನೆ.