ಜಿಮ್ ಜೊತೆಗೆ ಮ್ಯಾರಥಾನ್ ತಯಾರಿ: ಫಿಸಿಯೋ ಅವರನ್ನು ಕೇಳಿ

ಹೊಸ ಓಟಗಾರ: ಮೇಡಂ, ಮ್ಯಾರಥಾನ್‌ಗೆ ತಯಾರಾಗ್ತಿದ್ದೇನೆ. ಒಂದೇ ದಿನ ಜಿಮ್, ಓಟ ಎರಡೂ ಮಾಡಬಹುದಾ?

ಫಿಸಿಯೋ: ಮಾಡಬಹುದು. ನಿಮಗೆ ಓಟ ಮುಖ್ಯ, ಹಾಗಾಗಿ ಮೊದಲು ಓಡಿ. 6 ಗಂಟೆಯಾದರೂ ಬಿಟ್ಟು ತೂಕ ಎತ್ತಿ. ಜೋರಾಗಿ ಓಡಿದ ದಿನವೇ ಎತ್ತಿದರೆ ಮಾರನೇ ದಿನ ಕಾಲಿಗೆ ಬಿಡುವು ಸಿಗುತ್ತೆ. ಲಾಂಗ್ ರನ್ ಹಿಂದಿನ ದಿನ ಸ್ಕ್ವಾಟ್ ಬೇಡ. ವಾರಕ್ಕೆ 2 ದಿನ ಜಿಮ್ ಸಾಕು.

ಬೆಳಗಿನ ಓಟ: ತೂಕ ಎತ್ತಿದರೆ ಮೈ ದಪ್ಪ ಆಗಲ್ವಾ?

ಫಿಸಿಯೋ: ಇಷ್ಟು ಓಡುವವರಿಗೆ ಆಗಲ್ಲ. ಭಾರ ಜಾಸ್ತಿ, ಸೆಟ್‌ಗೆ 4–6 ಸಲ, ನಡುವೆ 2–3 ನಿಮಿಷ ಬಿಡುವು. ಕೆಲವು ತಿಂಗಳಲ್ಲಿ ಅದೇ ವೇಗಕ್ಕೆ ಕಡಿಮೆ ಆಮ್ಲಜನಕ ಸಾಕಾಗುತ್ತೆ.

ದೂರದ ದಾರಿ: ನನಗೆ 29 ವರ್ಷ ಮೇಡಂ. ವಾರಕ್ಕೆ 65 ಕಿ.ಮೀ. ಓಟ, 4 ದಿನ ಜಿಮ್. ತೂಕ ಇಳಿಸೋಕೆ ರಾತ್ರಿ ಊಟ ಬಿಟ್ಟಿದ್ದೇನೆ. 3 ವಾರದಿಂದ ಮೊಣಕಾಲಿನ ಕೆಳಗೆ, ಮೂಳೆ ಮೇಲೆ ಒಂದೇ ಕಡೆ ನೋವು. ಈಗ ಮಲಗಿದಾಗಲೂ ನೋಯುತ್ತೆ. ಶಿನ್ ಸ್ಪ್ಲಿಂಟ್ ಅಂತ ಐಸ್ ಇಡ್ತಿದ್ದೇನೆ. ರೇಸ್‌ಗೆ 5 ವಾರ ಇದೆ.

ಫಿಸಿಯೋ: ಮುಟ್ಟು ಸರಿಯಾಗಿ ಆಗ್ತಿದೆಯಾ?

ದೂರದ ದಾರಿ: 4 ತಿಂಗಳಿಂದ ಇಲ್ಲ. ಜಾಸ್ತಿ ಓಡಿದರೆ ಹಾಗೇ ಅಂದ್ರು.

ಫಿಸಿಯೋ: ಹಾಗೇ ಅಲ್ಲ. ದಯವಿಟ್ಟು ಇವತ್ತೇ ಓಟ ನಿಲ್ಲಿಸಿ. ಶಿನ್ ಸ್ಪ್ಲಿಂಟ್ ನೋವು ಮೂಳೆಯ ಒಳ ಅಂಚಿನಲ್ಲಿ ಉದ್ದಕ್ಕೆ ಹರಡಿರುತ್ತೆ, ಮೈ ಬಿಸಿಯಾದ ಮೇಲೆ ಎಷ್ಟೋ ಸಲ ತಗ್ಗುತ್ತೆ. ಬೆರಳ ತುದಿಯಲ್ಲಿ ತೋರಿಸಬಹುದಾದ, ಸುಮ್ನೆ ಮಲಗಿದಾಗಲೂ ಬರುವ ನೋವು ಬೇರೆ. ಮೂಳೆ ಬಿರುಕು ಬಿಡುತ್ತಿರಬಹುದು. ಓಟದ ಏಟಿಗೆ ಮೂಳೆ ದಿನಾ ಸ್ವಲ್ಪ ಸವೆಯುತ್ತೆ, ದೇಹ ಅದನ್ನು ತುಂಬಿಕೊಡುತ್ತೆ. ಊಟ ಸಾಲದಿದ್ದರೆ ದೇಹ ಮುಟ್ಟು ನಿಲ್ಲಿಸಬಹುದು. ಈಸ್ಟ್ರೋಜನ್ ಇಳಿದರೆ ಮೂಳೆಯ ದುರಸ್ತಿಯೂ ಹಿಂದೆ ಬೀಳುತ್ತೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್ (ಕ್ರೀಡೆಯಲ್ಲಿ ಶಕ್ತಿಯ ಕೊರತೆ) ಅಂತ ಹೆಸರು ಕೊಟ್ಟಿತು. ಗಂಡಸರಿಗೂ ಬರುತ್ತೆ.

ಮೂಳೆ ಡಾಕ್ಟರನ್ನು ಈ ವಾರವೇ ನೋಡಿ. ಮೊದಲ ಕೆಲವು ವಾರ ಎಕ್ಸ್-ರೇಯಲ್ಲಿ ಏನೂ ಕಾಣದೇ ಇರಬಹುದು, ಅದಕ್ಕೇ ಎಂಆರ್‌ಐ ಬಗ್ಗೆ ಕೇಳಿ. ಸ್ತ್ರೀರೋಗ ತಜ್ಞರನ್ನೂ ನೋಡಿ, ಗರ್ಭದ ಪರೀಕ್ಷೆಯೂ ಆಗಲಿ. ಒಂಟಿ ಕಾಲಲ್ಲಿ ಜಿಗಿದು ನೋವು ಪರೀಕ್ಷೆ ಮಾಡಬೇಡಿ. ರಾತ್ರಿ ಊಟ ಇವತ್ತಿಂದಲೇ ಶುರು ಮಾಡಿ.

ಕಬ್ಬಿಣದ ತೋಳು: ಫಾರ್ವರ್ಡ್ ಬಂದಿದೆ. ಬಿಸಿ ಎಣ್ಣೆ ಹಾಕಿ ನೋವಿರುವ ಕಡೆ ಗಟ್ಟಿಯಾಗಿ ತಿಕ್ಕಿ, ಓಡುವ ಮುಂಚೆ ಒಂದು ಪೇನ್ ಕಿಲ್ಲರ್. 3 ದಿನದಲ್ಲಿ ಮಾಯ.

ಫಿಸಿಯೋ: ಇದನ್ನು ಅಳಿಸಿ. ಬಿರುಕಿರಬಹುದಾದ ಮೂಳೆಯನ್ನು ತಿಕ್ಕೋದಾ? ನೋವು ಮುಚ್ಚಿಕೊಂಡು ಓಡಿದರೆ ಬಿರುಕು ಪೂರ್ತಿ ಮುರಿತ ಆಗಬಹುದು. ಬೆವರಿ ನೀರು ಕಡಿಮೆಯಾದಾಗ ಐಬುಪ್ರೊಫೇನ್ ಥರದ ಮಾತ್ರೆ ಕಿಡ್ನಿಗೂ ಕೆಟ್ಟದ್ದು.

ಕಬ್ಬಿಣದ ತೋಳು: ಸಹಾಯ ಮಾಡೋಕೆ ಹಾಕಿದೆ. ಅಷ್ಟಕ್ಕೂ ಓಟವೇ ಸ್ನಾಯು ತಿನ್ನುತ್ತೆ. ಹಿಕ್‌ಸನ್ ಅನ್ನೋ ಸಂಶೋಧಕರು 1980ರಲ್ಲೇ ತೋರಿಸಿದ್ದಾರೆ.

ಬೆಳಗಿನ ಓಟ: ಪೂರ್ತಿ ಓದಿದ್ದೀರಾ? ಅದು 10 ವಾರದ ಪ್ರಯೋಗ. ತೂಕ ವಾರಕ್ಕೆ 5 ದಿನ, ಸೈಕಲ್ ಮತ್ತು ಓಟ 6 ದಿನ. ಅಷ್ಟು ಮಾಡಿದರೂ ಬಲ ಇಳಿದದ್ದು ಕೊನೆಯ 2 ವಾರದಲ್ಲಿ. ದಮ್ಮಿಗೆ ಏನೂ ತೊಂದರೆ ಆಗಲಿಲ್ಲ.

ಕಬ್ಬಿಣದ ತೋಳು: ಇಳಿಯಿತು ತಾನೇ?

ಬೆಳಗಿನ ಓಟ: ಇಲ್ಲಿ 11 ಸಲ ತರಬೇತಿ ಮಾಡೋರು ಯಾರಿದ್ದಾರೆ ಹೇಳಿ.

ಸಂಜೆ ಸವಾರಿ: ಶೂ ಎಷ್ಟು ಕಿ.ಮೀ.ಗೆ ಬದಲಿಸಬೇಕು?

ಹೊಸಬ: ಜಿಮ್, ಓಟ ಒಂದೇ ದಿನ ಆಗುತ್ತಾ ಮೇಡಂ?

ಫಿಸಿಯೋ: ಮೊದಲ ಉತ್ತರ ಓದಿ.

ಕಬ್ಬಿಣದ ತೋಳು: ಗಂಡಸರ ಪ್ರಶ್ನೆಗೆ ಒಂದೇ ಸಾಲಾ?

ಫಿಸಿಯೋ: ಅಲ್ಲೊಬ್ಬರ ಕಾಲು ಮುರಿಯೋ ಹಂತದಲ್ಲಿದೆ. ಜಗಳ ಬೇರೆ ಕಡೆ ಆಡಿ. @ದೂರದ ದಾರಿ, ಅಪಾಯಿಂಟ್‌ಮೆಂಟ್ ಸಿಕ್ಕಿತಾ?

ದೂರದ ದಾರಿ: ನಾಳೆ ಬೆಳಿಗ್ಗೆಗೆ ಸಿಕ್ಕಿದೆ. ಈಗಷ್ಟೇ ಊಟ ಮಾಡಿದೆ. ರೇಸ್ ಕಥೆ ಏನು ಮೇಡಂ?

ಫಿಸಿಯೋ: ಈ ಸಲದ್ದು ಬಿಟ್ಟುಬಿಡಿ. ನಾಳೆ ರಿಪೋರ್ಟ್ ಬಂದ ತಕ್ಷಣ ನನಗೆ ಮೆಸೇಜ್ ಮಾಡಿ.