ಪ್ರಶ್ನೋತ್ತರ: ಹಳೇ ಕಟ್ಟಡ, ಇತಿಹಾಸ, ಆರ್ಟ್ಸ್ ವಿಭಾಗ – ಇವುಗಳ ಪರ ದನಿ ಎತ್ತುವುದು ಹೇಗೆ?

ಅಡ್ಮಿನ್: ಈ ಸಲದ ಪ್ರಶ್ನೋತ್ತರಕ್ಕೆ ನಮ್ಮ ಗುಂಪಿನವರೇ ಒಬ್ಬರು ಒಪ್ಪಿದ್ದಾರೆ. ಓದಿದ್ದು ಇತಿಹಾಸ. ಪರಂಪರೆ ಉಳಿಸುವ ಸಂಘಗಳಿಗೆ, ಕಾಲೇಜು ವಿಭಾಗಗಳಿಗೆ ಮನವಿ ಬರೆದುಕೊಡುವುದು, ಸಮಿತಿಗಳ ಮುಂದೆ ಅವರ ಪರ ಮಾತಾಡುವುದು ಅವರ ಕೆಲಸ. ಏನು ಬೇಕಾದರೂ ಕೇಳಿ. ಪಕ್ಷಗಳ ಜಗಳ ಮಾತ್ರ ಬೇಡ.

ಪ್ರಶ್ನೆ: ಮೇಡಂ, ನೂರು ವರ್ಷ ದಾಟಿದ ಒಂದು ಸಾರ್ವಜನಿಕ ಕಟ್ಟಡ ಕೆಡವುತ್ತಾರಂತೆ. ಆನ್‌ಲೈನಲ್ಲಿ ಸಹಿ ಸಂಗ್ರಹ ಶುರು ಮಾಡಿದ್ದೇವೆ. ಸಹಿ ಚೆನ್ನಾಗಿ ಬರ್ತಿದೆ. ಮುಂದೇನು ಮಾಡಬೇಕು?

ಉತ್ತರ: ಆ ಸಹಿಗಳನ್ನು ಯಾರ ಕೈಗೆ ಕೊಡುತ್ತೀರಿ? ಇದಕ್ಕೆ ಉತ್ತರ ಇಲ್ಲದಿದ್ದರೆ ಸಹಿ ಎಷ್ಟಿದ್ದರೂ ಅಷ್ಟೇ. ಕೆಡವುವ ಆದೇಶ ಹೊರಡಿಸುವುದು ಯಾವ ಇಲಾಖೆ, ಅದು ಯಾವ ಸಭೆಯಲ್ಲಿ ತೀರ್ಮಾನ ಆಗುತ್ತದೆ, ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನ ಯಾವುದು – ಮೊದಲು ಇದನ್ನು ಹುಡುಕಿ. ಎಷ್ಟೋ ಕಡೆ ಜನ ಬೀದಿಗೆ ಇಳಿಯುವ ಹೊತ್ತಿಗೆ ಟೆಂಡರ್ ಮುಗಿದಿರುತ್ತದೆ.

ನ್ಯೂಯಾರ್ಕಿನ ಪೆನ್ ಸ್ಟೇಷನ್ ಕಥೆ ನೋಡಿ. ಅಮೃತಶಿಲೆ, ಗ್ರಾನೈಟಿನಲ್ಲಿ ಕಟ್ಟಿದ ಭಾರೀ ರೈಲು ನಿಲ್ದಾಣ ಅದು. 1962ರಲ್ಲಿ ವಾಸ್ತುಶಿಲ್ಪಿಗಳೇ ಫಲಕ ಹಿಡಿದು ಅದರ ಮುಂದೆ ಮೆರವಣಿಗೆ ಮಾಡಿದರು. ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಆದರೂ 1963ರ ಅಕ್ಟೋಬರಿನಲ್ಲಿ ಕೆಡವುವ ಕೆಲಸ ಶುರುವಾಯಿತು. ಯಾಕಂದರೆ ಖಾಸಗಿ ಮಾಲೀಕರಿಗೆ ‘ಕೆಡವಬೇಡಿ’ ಅಂತ ಹೇಳುವ ಅಧಿಕಾರವೇ ಆಗ ನಗರಾಡಳಿತಕ್ಕೆ ಇರಲಿಲ್ಲ. ಜನರ ಸಿಟ್ಟು ಸುಮ್ನೆ ಹೋಗಲಿಲ್ಲ ಅನ್ನಿ. 1965ರಲ್ಲಿ ಪಾರಂಪರಿಕ ಕಟ್ಟಡಗಳ ಕಾನೂನು ಬಂತು. ಅದೇ ನಗರದ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ತಲೆ ಮೇಲೆ ಗಗನಚುಂಬಿ ಕಟ್ಟಡ ಕೂರಿಸಲು ಮಾಲೀಕರು ಹೊರಟಾಗ ಹೋರಾಟಗಾರರ ಕೈಯಲ್ಲಿ ಆ ಕಾನೂನಿತ್ತು. ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1978ರಲ್ಲಿ ನಗರವೇ ಗೆದ್ದಿತು. ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಪತ್ನಿ ಜಾಕ್ವೆಲಿನ್ ಕೆನಡಿ ಒನಾಸಿಸ್ ಆ ಹೋರಾಟಕ್ಕೆ ಬಂದಿದ್ದನ್ನು ಎಲ್ಲರೂ ಹೇಳುತ್ತಾರೆ. ಕೋರ್ಟಿನಲ್ಲಿ ನಿಂತಿದ್ದು ಮಾತ್ರ 1965ರ ಕಾಗದ.

ಪ್ರತಿಕ್ರಿಯೆ: ಅಂದ್ರೆ ಒಂದು ಬಿದ್ದ ಮೇಲೇ ಇನ್ನೊಂದಕ್ಕೆ ಕಾನೂನಾ?

ಉತ್ತರ: ಬಹಳ ಸಲ ಹಾಗೇ ಆಗಿದೆ. ಜಪಾನಿನ ಹೊರ್ಯೂಜಿ ದೇಗುಲದಲ್ಲಿ 1949ರ ಜನವರಿ 26ರಂದು ಬೆಂಕಿ ಬಿದ್ದು ಪ್ರಾಚೀನ ಭಿತ್ತಿಚಿತ್ರಗಳು ಸುಟ್ಟವು. ಮರುವರ್ಷವೇ ಸಾಂಸ್ಕೃತಿಕ ಆಸ್ತಿಗಳ ಕಾನೂನು ಬಂತು. ಈಗಲೂ ಅಲ್ಲಿ ಆ ದಿನ ದೇವಸ್ಥಾನ, ಮ್ಯೂಸಿಯಂಗಳಲ್ಲಿ ಬೆಂಕಿ ಆರಿಸುವ ತಾಲೀಮು ನಡೆಯುತ್ತದೆ. ಅದಕ್ಕೇ ನಾನು ಹೇಳುವುದು, ಸೋತರೂ ಕಡತ ಎಸೆಯಬೇಡಿ. ಫೋಟೊ, ಪತ್ರ, ಸಭೆಯ ನಡಾವಳಿ ಎಲ್ಲ ಇಟ್ಟುಕೊಳ್ಳಿ. ಮುಂದಿನ ಕಟ್ಟಡಕ್ಕೆ ಬೇಕಾಗುತ್ತದೆ.

ಪ್ರಶ್ನೆ: ಮನವಿ ಪತ್ರದಲ್ಲಿ ಏನು ಬರೆಯಬೇಕು ಮೇಡಂ? ನಾವು ಬರೆದಿದ್ದು ಹೀಗಿದೆ: “ಈ ಕಟ್ಟಡ ನಮ್ಮೆಲ್ಲರ ಹೆಮ್ಮೆ, ನಮ್ಮ ಭವ್ಯ ಸಂಸ್ಕೃತಿಯ ಪ್ರತೀಕ. ಆದ್ದರಿಂದ ಇದನ್ನು ಹೇಗಾದರೂ ಉಳಿಸಿಕೊಡಬೇಕಾಗಿ ವಿನಂತಿ.”

ಉತ್ತರ: ನಿಮ್ಮ ಪ್ರೀತಿ ಕಾಣುತ್ತದೆ. ಆದರೆ ಇದೇ ಪತ್ರವನ್ನು ಬೇರೆ ಯಾವ ಕಟ್ಟಡಕ್ಕೆ ಕಳಿಸಿದರೂ ಸರಿಹೋಗುತ್ತದೆ ಅಲ್ವಾ? ಓದುವ ಅಧಿಕಾರಿ ‘ನೋಡಲಾಗಿದೆ’ ಅಂತ ಬರೆದು ಪಕ್ಕಕ್ಕಿಡುತ್ತಾರೆ. ಅದರ ಮೇಲೆ ಅವರು ಮಾಡಬೇಕಾದ ಕೆಲಸವೇ ಅದರಲ್ಲಿ ಇಲ್ಲ.

ಮೊದಲು ಕಟ್ಟಡವನ್ನು ಒಂದು ಸುತ್ತು ಸರಿಯಾಗಿ ನೋಡಿ ಬನ್ನಿ. ಯಾವುದು ಮೂಲದ್ದು, ಯಾವುದು ಆಮೇಲೆ ಸೇರಿಸಿದ್ದು? ಗೋಡೆ ಸುಣ್ಣದ ಗಾರೆಯದ್ದಾ, ಸಿಮೆಂಟಿನದ್ದಾ? ಎಲ್ಲಿ ಸೋರುತ್ತಿದೆ? ಒಳಗೆ ಏನೇನು ನಡೆದಿದೆ, ಅದಕ್ಕೆ ಕಾಗದದ ಆಧಾರ ಇದೆಯಾ? ಇದನ್ನೆಲ್ಲ ಒಂದೇ ಪುಟದಲ್ಲಿ ಬರೆಯಿರಿ. ಎರಡನೇ ಪುಟ ಓದುವವರು ಕಮ್ಮಿ.

ಆಮೇಲೆ ‘ಶಿಥಿಲವಾಗಿದೆ’ ಅನ್ನುವ ಮಾತಿಗೆ ಬನ್ನಿ. ಕೆಡವುವ ಪ್ರಸ್ತಾಪದಲ್ಲಿ ಈ ಪದ ಇದ್ದೇ ಇರುತ್ತದೆ. ಆ ವರದಿಯ ಪ್ರತಿ ಕೇಳಿ. ಯಾರು ಬರೆದಿದ್ದು, ಯಾವ ಪರೀಕ್ಷೆ ಮಾಡಿದರು, ಎಲ್ಲೆಲ್ಲಿ ಮಾಡಿದರು? ಎಷ್ಟೋ ವರದಿಗಳು ಕಣ್ಣಳತೆಯವು, ನಾಲ್ಕು ಫೋಟೊ ಹಾಕಿ ಮುಗಿಸಿರುತ್ತಾರೆ. ಕಾಂಕ್ರೀಟಿನ ಅಭ್ಯಾಸ ಇರುವವರಿಗೆ ಸುಣ್ಣದ ಗಾರೆಯ ಗೋಡೆ ಅಂದಾಜು ಸಿಗುವುದಿಲ್ಲ. ಇನ್ನೊಂದು, ಹಳೇ ಸುಣ್ಣದ ಗೋಡೆಗೆ ಯಾರೋ ಸಿಮೆಂಟ್ ಪ್ಲಾಸ್ಟರ್ ಬಳಿದಿದ್ದರೆ ನೀರಿನ ಪಸೆ ಹೊರಗೆ ಆರಲಾಗದೆ ಒಳಗೇ ಉಳಿದು ಗೋಡೆ ಹಾಳಾಗುತ್ತದೆ. ಆಗ ತಪ್ಪು ರಿಪೇರಿಯದ್ದು. ಬೈಗುಳ ಬೀಳುವುದು ಮಾತ್ರ ಕಟ್ಟಡದ ವಯಸ್ಸಿಗೆ.

ಕೊನೆಗೆ ಬೇಡಿಕೆ. ಒಂದೇ ಬೇಡಿಕೆ, ಅದೂ ಆ ಅಧಿಕಾರಿಯ ಕೈಯಲ್ಲಿ ಆಗುವಂಥದ್ದು. ಹೀಗೆ: “ಕೆಡವುವ ಆದೇಶವನ್ನು ಮೂರು ತಿಂಗಳು ತಡೆದು, ಸುಣ್ಣದ ಗಾರೆ ಕಟ್ಟಡಗಳಲ್ಲಿ ಅನುಭವ ಇರುವ ಎಂಜಿನಿಯರ್ ಒಬ್ಬರಿಂದ ಪರೀಕ್ಷೆ ಮಾಡಿಸಿ, ವರದಿಯನ್ನು ಸಾರ್ವಜನಿಕರಿಗೆ ಕೊಡಬೇಕು.” ‘ಹೇಗಾದರೂ ಉಳಿಸಿ’ ಅಂದರೆ ಅವರಿಗೆ ದಿಗಿಲು. ‘ಮೂರು ತಿಂಗಳು ತಡೆಯಿರಿ’ ಅಂದರೆ ಅವರು ಒಂದು ಸಹಿ ಹಾಕಿ ಮಾಡಬಹುದಾದ ಕೆಲಸ.

ಪತ್ರದ ಕೆಳಗೆ ಇತಿಹಾಸ ಮೇಷ್ಟ್ರುಗಳದ್ದೇ ಸಹಿ ಇರಬಾರದು. ಅಲ್ಲಿ ಅಂಗಡಿ ಇಟ್ಟವರು, ಒಬ್ಬ ಎಂಜಿನಿಯರ್, ಒಬ್ಬ ವೈದ್ಯರು, ಹಿಂದೆ ಅದೇ ಕಟ್ಟಡದಲ್ಲಿ ಕೆಲಸ ಮಾಡಿ ನಿವೃತ್ತರಾದವರು – ಇಂಥ ಹತ್ತು ಹೆಸರು ಬಿದ್ದರೆ ಪತ್ರದ ತೂಕವೇ ಬೇರೆ.

ಪ್ರಶ್ನೆ: ನಾನು ಸ್ವಲ್ಪ ಎದುರು ಮಾತಾಡ್ತೀನಿ, ಬೇಜಾರು ಮಾಡ್ಕೋಬೇಡಿ. ಜನಕ್ಕೆ ರಸ್ತೆ ಬೇಕು, ಸೇತುವೆ ಬೇಕು. ಕಲ್ಲು ಕಾಯ್ತಾ ಕೂತರೆ ಹೊಟ್ಟೆ ತುಂಬುತ್ತಾ?

ಉತ್ತರ: ಬೇಜಾರೇನಿಲ್ಲ, ಈ ಪ್ರಶ್ನೆ ಬರಲೇಬೇಕಿತ್ತು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಎಲ್ಬೆ ನದಿ ಕಣಿವೆ 2004ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಮರುವರ್ಷ ಆ ಕಣಿವೆಗೆ ಅಡ್ಡಲಾಗಿ ಸೇತುವೆ ಬೇಕಾ ಬೇಡವಾ ಅಂತ ಜನಮತ ಕೇಳಿದರು. ಬೇಕು ಅಂದವರೇ ಜಾಸ್ತಿ. ಸೇತುವೆ ಬದಲು ಸುರಂಗ ಮಾಡಿ ಅನ್ನುವ ಮಾತು ಆಮೇಲೆ ಜೋರಾಯಿತು, ಆದರೆ ಕೆಲಸ ನಿಲ್ಲಲಿಲ್ಲ. 2009ರಲ್ಲಿ ಯುನೆಸ್ಕೊ ಆ ಕಣಿವೆಯನ್ನು ಪಟ್ಟಿಯಿಂದಲೇ ತೆಗೆಯಿತು. ಅಲ್ಲಿನ ಜನರಿಗೆ ಪರಂಪರೆ ಬೇಡವಾಗಿತ್ತು ಅಂತ ನಾನು ಹೇಳುವುದಿಲ್ಲ. ಮತ ಹಾಕುವಾಗ ಅವರ ಮುಂದೆ ಇದ್ದದ್ದು ‘ಸೇತುವೆ ಇರಲಿ, ಇಲ್ಲದಿರಲಿ’ ಅನ್ನುವ ಎರಡೇ ದಾರಿ.

ಹಂಪಿಯಲ್ಲೂ ಸೇತುವೆಗಳದ್ದೇ ತಕರಾರು. ಆ ಕಾರಣಕ್ಕೇ 1999ರಲ್ಲಿ ಹಂಪಿ ‘ಅಪಾಯದಲ್ಲಿರುವ’ ತಾಣಗಳ ಪಟ್ಟಿಗೆ ಹೋಯಿತು. ಹೊರಬಂದದ್ದು 2006ರಲ್ಲಿ. ನದಿ ದಾಟಲು ಹರಿಗೋಲು ನಂಬಿಕೊಂಡಿದ್ದ ಜನರಿಗೆ ಸೇತುವೆ ಬೇಕಾಗಿದ್ದು ತಪ್ಪೇನಲ್ಲ. ಅವರನ್ನು ಪರಂಪರೆಯ ವಿರೋಧಿಗಳು ಅಂತ ಬೈದರೆ ಹೋರಾಟ ಅಲ್ಲೇ ಸೋತಂತೆ. ನಮ್ಮ ಕಡೆಯವರು ಈ ತಪ್ಪು ಜಾಸ್ತಿ ಮಾಡುತ್ತಾರೆ. ‘ಇಲ್ಲಿ ಬೇಡ’ ಅನ್ನುವ ಪತ್ರದ ಜೊತೆಗೇ ‘ಇನ್ನೆಲ್ಲಿ, ಹೇಗೆ’ ಅನ್ನುವ ನಕ್ಷೆಯೂ ಹೋಗಬೇಕು.

ಪ್ರಶ್ನೆ: ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ವಿದ್ಯಾರ್ಥಿಗಳು ಕಮ್ಮಿ ಅಂತ ನಮ್ಮ ವಿಭಾಗ ಮುಚ್ಚುವ ಮಾತು ನಡೆದಿದೆ. ‘ಇತಿಹಾಸ ಓದಿದರೆ ಒಳ್ಳೇ ಪ್ರಜೆ ಆಗ್ತಾರೆ’ ಅಂದರೆ ಆಡಳಿತ ಮಂಡಳಿ ನಗುತ್ತದೆ. ಏನು ಹೇಳಲಿ ಮೇಡಂ?

ಉತ್ತರ: ಅದನ್ನು ನೀವು ಹೇಳಬೇಡಿ. ಬೇರೆಯವರ ಬಾಯಲ್ಲಿ ಹೇಳಿಸಿ. ಕೆಲಸ ಹೋಗುವವರೇ ‘ನಮ್ಮ ವಿಷಯ ಮುಖ್ಯ’ ಅಂದರೆ ಯಾರು ಕೇಳುತ್ತಾರೆ?

2015ರಲ್ಲಿ ಜಪಾನಿನ ಶಿಕ್ಷಣ ಸಚಿವಾಲಯ ರಾಷ್ಟ್ರೀಯ ವಿಶ್ವವಿದ್ಯಾಲಯಗಳಿಗೆ ಒಂದು ಪತ್ರ ಬರೆಯಿತು. ಮಾನವಿಕ (ಇತಿಹಾಸ, ಸಾಹಿತ್ಯದಂಥ ವಿಷಯಗಳು) ಮತ್ತು ಸಮಾಜ ವಿಜ್ಞಾನ ವಿಭಾಗಗಳನ್ನು ಮುಚ್ಚುವ, ಇಲ್ಲವೇ ಸಮಾಜಕ್ಕೆ ಹೆಚ್ಚು ಬೇಕಾದ ವಿಷಯಗಳಿಗೆ ಬದಲಿಸುವ ಕ್ರಮ ತೆಗೆದುಕೊಳ್ಳಿ ಅನ್ನುವ ಅರ್ಥದ ಪತ್ರ. ವಿದ್ವಾಂಸರು ಸಿಟ್ಟಾದರು, ಅದು ನಿರೀಕ್ಷೆ ಮಾಡಿದ್ದೇ. ಯಾರೂ ಎಣಿಸದೇ ಇದ್ದದ್ದು ಕೈಡನ್ರೆನ್ ಅನ್ನುವ ದೊಡ್ಡ ಉದ್ಯಮಗಳ ಒಕ್ಕೂಟದ ಮಾತು. ತಕ್ಷಣ ಕೆಲಸಕ್ಕೆ ಬರುವವರನ್ನು ಮಾತ್ರ ನಾವು ಕೇಳಿಲ್ಲ, ವಿಜ್ಞಾನ ಓದಿದವರಿಗೂ ಮಾನವಿಕ ವಿಷಯಗಳ ತಿಳಿವಳಿಕೆ ಬೇಕು ಅಂತ ಅದು ಹೇಳಿಕೆ ಕೊಟ್ಟಿತು. ಸಚಿವಾಲಯ ‘ನಮ್ಮ ಮಾತಿನ ಅರ್ಥ ಹಾಗಲ್ಲ’ ಅಂತ ವಿವರಣೆ ಕೊಡಬೇಕಾಯಿತು.

ಅಮೆರಿಕದಲ್ಲೂ ಹೀಗೇ. 1965ರಲ್ಲಿ ಮಾನವಿಕ ಅಧ್ಯಯನಕ್ಕೆ ಅಲ್ಲಿನ ಸರ್ಕಾರ ರಾಷ್ಟ್ರೀಯ ನಿಧಿ ಸ್ಥಾಪಿಸಿತು. ಅದರ ಪರವಾಗಿ ಸೆನೆಟ್ ಸಮಿತಿಯ ಮುಂದೆ ಮಾತಾಡಿದವರಲ್ಲಿ ಗ್ಲೆನ್ ಸೀಬೋರ್ಗ್ ಒಬ್ಬರು. ಅವರು ರಸಾಯನ ಶಾಸ್ತ್ರದಲ್ಲಿ ನೊಬೆಲ್ ಪಡೆದವರು, ಆಗ ಅಣುಶಕ್ತಿ ಆಯೋಗದ ಅಧ್ಯಕ್ಷರು. ವೇಗವಾಗಿ ಸಾಗುವ ಸಾಧನವನ್ನು ವಿಜ್ಞಾನ ಕೊಡುತ್ತದೆ, ಯಾವ ಕಡೆಗೆ ಅನ್ನುವುದನ್ನು ಕಂಪ್ಯೂಟರ್ ಹೇಳಲಾರದು ಅನ್ನುವುದು ಅವರ ವಾದದ ಸಾರ.

ಹಾಗಾಗಿ ನಿಮ್ಮ ಹಳೇ ವಿದ್ಯಾರ್ಥಿಗಳ ಪಟ್ಟಿ ತೆಗೆಯಿರಿ. ಬ್ಯಾಂಕು, ಪತ್ರಿಕೆ, ಪೊಲೀಸ್, ಸಾಫ್ಟ್‌ವೇರ್ ಕಂಪನಿ, ಸ್ವಂತ ವ್ಯಾಪಾರ – ಎಲ್ಲೆಲ್ಲಿದ್ದಾರೆ ನೋಡಿ. ಅವರಲ್ಲಿ ಮೂರು ನಾಲ್ಕು ಜನ ಆಡಳಿತ ಮಂಡಳಿಗೆ ಬಂದು, ಇಲ್ಲಿ ಕಲಿತ ಯಾವ ವಿದ್ಯೆ ಈಗ ಎಲ್ಲಿ ಉಪಯೋಗಕ್ಕೆ ಬಂತು ಅಂತ ಹೇಳಲಿ. ‘ನಾಲ್ಕು ದಾಖಲೆ ನಾಲ್ಕು ಥರ ಹೇಳುವಾಗ ಯಾವುದನ್ನು ನಂಬಬೇಕು ಅಂತ ಇಲ್ಲಿ ಕಲಿತೆ’ ಅಂತ ಒಬ್ಬ ಲೆಕ್ಕಪರಿಶೋಧಕ ಹೇಳಿದರೆ ಯಾರೂ ನಗುವುದಿಲ್ಲ.

ಪ್ರತಿಕ್ರಿಯೆ: ಫೀಸು ಜಾಸ್ತಿ ಮಾಡಿದ್ರೆ ಮಕ್ಕಳೇ ಆರ್ಟ್ಸ್ ಬಿಟ್ಟು ಬೇರೆ ತಗೋತಾರೆ ಅಂತಾರಲ್ಲ?

ಉತ್ತರ: ಆಸ್ಟ್ರೇಲಿಯಾ ಅದನ್ನೇ ಮಾಡಿ ನೋಡಿತು. 2021ರಿಂದ ಇತಿಹಾಸದಂಥ ವಿಷಯಗಳ ಶುಲ್ಕ ಎರಡರಷ್ಟಕ್ಕೂ ಮೀರಿ ಏರಿತು. ವಿದ್ಯಾರ್ಥಿಗಳ ಆಯ್ಕೆ ಹೆಚ್ಚೇನೂ ಬದಲಾಗಲಿಲ್ಲ, ಸಾಲ ಮಾತ್ರ ಬೆಳೆಯಿತು. ಆ ಪದ್ಧತಿಯನ್ನು ಬದಲಿಸಬೇಕು ಅಂತ 2024ರಲ್ಲಿ ಸರ್ಕಾರದ್ದೇ ಪರಿಶೀಲನಾ ವರದಿ ಹೇಳಿತು.

ಪ್ರಶ್ನೆ: ಇತಿಹಾಸದ ಬಗ್ಗೆ ಬಾಯಿ ಬಿಟ್ಟರೆ ‘ನೀನು ಯಾವ ಕಡೆ’ ಅಂತ ಕೇಳುತ್ತಾರೆ. ಭಯ ಆಗುತ್ತೆ. ಸುಮ್ಮನಿರುವುದೇ ವಾಸಿ ಅಲ್ವಾ?

ಉತ್ತರ: ಇತಿಹಾಸದಲ್ಲಿ ಯಾರು ಸರಿ, ಯಾರು ತಪ್ಪು ಅನ್ನುವ ತೀರ್ಪಿನ ಪರ ವಾದ ಮಾಡಬೇಡಿ. ಪುರಾವೆ ಉಳಿಯಲಿ, ಎಲ್ಲರಿಗೂ ನೋಡಲು ಸಿಗಲಿ, ಇಷ್ಟನ್ನು ಕೇಳಿ. ಜಗಳ ಆಡುವ ಎರಡೂ ಕಡೆಯವರಿಗೆ ಅದು ಬೇಕು.

ಪೂರ್ವ ಜರ್ಮನಿಯ ರಹಸ್ಯ ಪೊಲೀಸರು 1989ರ ಕೊನೆಗೆ ಕಡತಗಳನ್ನು ಹರಿದು ಸುಡಲು ಶುರು ಮಾಡಿದಾಗ ಸಾಮಾನ್ಯ ಜನರೇ ಕಚೇರಿಗೆ ನುಗ್ಗಿ ತಡೆದರು. ಎರ್ಫುರ್ಟ್‌ನಲ್ಲಿ ಡಿಸೆಂಬರ್ 4ರಂದು ಮೊದಲು ಮುಂದೆ ಬಂದವರು ಹೆಂಗಸರು. 1990ರ ಜನವರಿ 15ರಂದು ಬರ್ಲಿನ್ನಿನ ಮುಖ್ಯ ಕಚೇರಿಯೂ ಜನರ ಕೈಗೆ ಬಂತು. ಹರಿದ ಚೂರುಗಳೇ ಸುಮಾರು 16,000 ಮೂಟೆ ಸಿಕ್ಕವು! ಆಮೇಲೆ ಕೂತು, ಕೈಯಲ್ಲೇ ಚೂರಿಗೆ ಚೂರು ಹೊಂದಿಸಿ ಎಷ್ಟೋ ಪುಟ ಜೋಡಿಸಿದರು. ತಮ್ಮ ಕಡತ ತಾವು ನೋಡುವ ಹಕ್ಕು ಜನರಿಗೆ 1991ರ ಕಾನೂನಿನಿಂದ ಸಿಕ್ಕಿತು. ಯಾರು ಒಳ್ಳೆಯವರು, ಯಾರು ಕೆಟ್ಟವರು ಅನ್ನುವ ಚರ್ಚೆ ಆಮೇಲೆ ನಡೆಯಿತು, ಈಗಲೂ ನಡೆಯುತ್ತಿದೆ. ಕಾಗದ ಉಳಿದಿದ್ದರಿಂದ ಅದು ಸಾಧ್ಯ ಆಯಿತು.

ಪ್ರಶ್ನೆ: ಅರಮನೆ, ಕೋಟೆ, ದೇವಸ್ಥಾನ ಆದರೆ ಜನ ಸೇರುತ್ತಾರೆ. ಸಾಮಾನ್ಯ ಜನರ ಬೀದಿಗೆ ಯಾರು ಬರುತ್ತಾರೆ?

ಉತ್ತರ: ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ‘ಡಿಸ್ಟ್ರಿಕ್ಟ್ ಸಿಕ್ಸ್’ ಬಗ್ಗೆ ಓದಿ. 1966ರಲ್ಲಿ ಆ ಬಡಾವಣೆಯನ್ನು ಬಿಳಿಯರಿಗೆ ಮಾತ್ರ ಅಂತ ಘೋಷಿಸಿ, ಮುಂದಿನ ವರ್ಷಗಳಲ್ಲಿ 60,000ಕ್ಕೂ ಹೆಚ್ಚು ಜನರನ್ನು ಎಬ್ಬಿಸಿ, ಮನೆಗಳನ್ನು ನೆಲಸಮ ಮಾಡಿದರು. 1994ರಲ್ಲಿ ಅಲ್ಲಿಯ ಹಳೇ ಚರ್ಚೊಂದರಲ್ಲಿ ಮ್ಯೂಸಿಯಂ ತೆರೆಯಿತು. ನೆಲದ ಮೇಲೆ ಬಡಾವಣೆಯ ದೊಡ್ಡ ನಕ್ಷೆ ಹಾಸಿದ್ದಾರೆ. ಹಿಂದೆ ಅಲ್ಲಿದ್ದವರು ಬಂದು ತಮ್ಮ ಮನೆ ಇದ್ದ ಜಾಗದಲ್ಲಿ ಹೆಸರು ಬರೆದಿದ್ದಾರೆ. ಬೀದಿ ಹೆಸರಿನ ಹಳೇ ಫಲಕಗಳನ್ನು ತೂಗುಹಾಕಿದ್ದಾರೆ. ಕಟ್ಟಡವೇ ಉಳಿಯದ ಕಡೆ ಈ ಫಲಕ, ಈ ಹೆಸರುಗಳೇ ಪುರಾವೆ. ಜಾಗ ವಾಪಸ್ ಕೇಳಿದ ಜನರ ಹೋರಾಟಕ್ಕೂ ಅದು ನೆಲೆಯಾಯಿತು.

ಪ್ರಶ್ನೆ: ಖುಷಿ ಸುದ್ದಿ ಮೇಡಂ. ನಾವು ಹೋರಾಡಿದ ಹಳೇ ಗ್ರಂಥಾಲಯ ಪಾರಂಪರಿಕ ಪಟ್ಟಿಗೆ ಸೇರಿತು. ಇನ್ನು ನೆಮ್ಮದಿಯಾಗಿ ಇರಬಹುದಾ?

ಉತ್ತರ: ಅಭಿನಂದನೆಗಳು! ಸಿಹಿ ಹಂಚಿ. ಆಮೇಲೆ ಬಜೆಟ್ ಪುಸ್ತಕ ತೆಗೆದು, ನಿರ್ವಹಣೆಗೆ ಎಷ್ಟು ಇಟ್ಟಿದ್ದಾರೆ, ಅದರಲ್ಲಿ ಎಷ್ಟು ನಿಜವಾಗಿ ಬಿಡುಗಡೆ ಆಗಿದೆ ನೋಡಿ. ರಿಯೊ ಡಿ ಜನೈರೊದ ರಾಷ್ಟ್ರೀಯ ಮ್ಯೂಸಿಯಂ 2018ರಲ್ಲಿ ಇನ್ನೂರನೇ ವರ್ಷ ಆಚರಿಸಿತು. ದುರಸ್ತಿಗೆ ಹಣ ಕೊಡುವ ಒಪ್ಪಂದವೂ ಅದೇ ವರ್ಷ ಆಗಿತ್ತು, ಬೆಂಕಿ ಸುರಕ್ಷತೆಯೂ ಅದರಲ್ಲಿ ಸೇರಿತ್ತು. ಆ ಕೆಲಸ ಶುರುವಾಗುವ ಮೊದಲೇ ಸೆಪ್ಟೆಂಬರ್ 2ರಂದು ಮ್ಯೂಸಿಯಂ ಹೊತ್ತಿ ಉರಿಯಿತು. ಈಗ ಮಾತಾಡುವವರೇ ಇಲ್ಲದ ಭಾಷೆಗಳ ಧ್ವನಿಮುದ್ರಣಗಳೂ ಹೋದವು.

ಗ್ರಂಥಾಲಯಕ್ಕೆ ಹೋದಾಗ ಮೂರು ವಿಷಯ ನೋಡಿ: ಮೀಟರ್ ಬೋರ್ಡಿನ ವೈರು, ಚಾವಣಿಯ ಮೇಲೆ ನೀರು ಹೋಗುವ ಕೊಳವೆಯ ಬಾಯಿ, ಅಪರೂಪದ ಪುಸ್ತಕಗಳ ಸ್ಕ್ಯಾನ್ ಪ್ರತಿ ಬೇರೆ ಕಟ್ಟಡದಲ್ಲಿ ಇದೆಯಾ ಅನ್ನುವುದು. ಇಲ್ಲದಿದ್ದರೆ ಮುಂದಿನ ಪತ್ರ ಅದಕ್ಕೇ. ಬರೆದು ಇಲ್ಲಿ ಹಾಕಿ, ತಿದ್ದಿಕೊಡುತ್ತೇನೆ.