ಡಾರ್ಕ್ ವೆಬ್ ಸುಮ್ನೆ ನೋಡಿದ್ರೂ ತೊಂದ್ರೆ ಉಂಟಾ?

ಬದಿಯಡ್ಕದವ:
ನನ್ನ ತಮ್ಮ ಪ್ಲಸ್ ಟು, ಮನೆ ಲ್ಯಾಪ್‌ಟಾಪಲ್ಲಿ ಟಾರ್ ಬ್ರೌಸರ್ (ಡಾರ್ಕ್ ವೆಬ್, ಅಂದ್ರೆ ಗೂಗಲಲ್ಲಿ ಸಿಗದ ಗುಟ್ಟಿನ ಸೈಟುಗಳನ್ನ ತೆರೆಯೋದು) ಹಾಕಿದ್ದಾನೆ, ಕೇಳಿದ್ರೆ ಸುಮ್ನೆ ನೋಡ್ಲಿಕ್ಕೆ ಅಂತಾನೆ. ಅಪ್ಪನ ಬ್ಯಾಂಕ್, ಅಡಿಕೆ ದುಡ್ಡು ಬರೋ ಅಕೌಂಟು ಎಲ್ಲ ಅದ್ರಲ್ಲೇ ಓಪನ್ ಮಾಡೋದು. ಪೊಲೀಸ್ ಕೇಸ್ ಎಲ್ಲ ಆಗ್ತದಾ?

ಕುಂಬಳೆ ಭಟ್ರು:
ಟಾರ್ ಹಾಕಿದ್ದಕ್ಕೆ ಕೇಸಿಲ್ಲ ಮಾರಾಯ, ಅದರ ಮೂಲ ಇರೋದೇ ಅಮೆರಿಕದ ನೌಕಾಪಡೆಯ ಲ್ಯಾಬಲ್ಲಿ. ಆದ್ರೆ ಸುಮ್ನೆ ನೋಡೋದು ಅನ್ನೋ ಮಾತು ಎಲ್ಲಾ ಕಡೆ ನಡೀಲಿಕ್ಕಿಲ್ಲ, ಮಕ್ಕಳ ಅಶ್ಲೀಲ ವಿಡಿಯೋ ಇರೋ ಜಾಗಕ್ಕೆ ಹೋಗಿ ನೋಡಿದ್ರೆ ಐಟಿ ಕಾಯ್ದೆ 67ಬಿ ಬೀಳ್ತದೆ, ಡೌನ್‌ಲೋಡೇ ಮಾಡ್ಬೇಕಂತಿಲ್ಲ.

ಉಪ್ಪಳ ಟೆಕ್ಕಿ:
ಕೇಸಿಗಿಂತ ನಂಗೆ ಹೆದರಿಕೆ ಆ ಬ್ಯಾಂಕಿಂದು. ಆನಿಯನ್ ಅಡ್ರೆಸ್, ಅಂದ್ರೆ ಡಾರ್ಕ್ ವೆಬ್ ಸೈಟಿನ ವಿಳಾಸ, 56 ಅಕ್ಷರದ ಗಜಿಬಿಜಿ, ಅಸಲಿ ಯಾವ್ದು ನಕಲಿ ಯಾವ್ದು ಕಣ್ಣಿಗೆ ಗೊತ್ತಾಗೋದೇ ಇಲ್ಲ, ನಕಲಿ ಸೈಟಲ್ಲಿ ಫ್ರೀ ಸಾಫ್ಟ್‌ವೇರ್ ಅಂತ ಒಂದು ಫೈಲ್ ಇಳಿಸಿ ಓಪನ್ ಮಾಡಿದ್ರೆ ಸಾಕು, ಕೀ ಒತ್ತಿದ್ದೆಲ್ಲ ಕದಿಯೋ ವೈರಸ್ ಒಳಗೆ ಕೂತ್ಕೊಳ್ತದೆ, ಆಮೇಲೆ ಅಪ್ಪ ಪಾಸ್‌ವರ್ಡ್ ಹೊಡೆಯೋದು ಕಳ್ಳರಿಗೇ ಕೊಟ್ಟ ಹಾಗೆ. ಟಾರ್ ಐಪಿ (ನೆಟ್ಟಲ್ಲಿ ನಮ್ಮ ಗುರುತಿನ ನಂಬರು) ಮುಚ್ತದೆ ಅಷ್ಟೇ, ವೈರಸ್ ತಡೆಯಲ್ಲ.

ಮಂಜೇಶ್ವರದಿಂದ:
ಯಾರಿಗೂ ಗೊತ್ತಾಗಲ್ಲ ಅನ್ನೋದೂ ಭ್ರಮೆ. 2017ರಲ್ಲಿ ಹಾನ್ಸಾ ಅಂತ ಡ್ರಗ್ಸ್ ಮಾರೋ ಒಂದು ಡಾರ್ಕ್ ವೆಬ್ ಮಾರ್ಕೆಟನ್ನ ಡಚ್ ಪೊಲೀಸ್ರೇ ಗುಟ್ಟಾಗಿ ಸುಮಾರು ಒಂದು ತಿಂಗಳು ನಡೆಸಿದ್ರು, ಮಾಲು ತರಿಸಿದವ್ರ ವಿಳಾಸ ಎಲ್ಲ ಅವರ ಕೈಗೇ ಸಿಕ್ತು! ನಗು ಬರ್ತದೆ ನಂಗೆ.

ಬದಿಯಡ್ಕದವ:
ಅವ ಈಗಾಗ್ಲೇ ಎಂತದೋ ಒಂದು ಫೈಲ್ ಇಳಿಸಿದ್ದಾನಂತೆ 😐

ಉಪ್ಪಳ ಟೆಕ್ಕಿ:
ಮೊದ್ಲು ನೆಟ್ ಕಟ್ ಮಾಡು, ಬೇರೆ ಫೋನಿಂದ ಬ್ಯಾಂಕ್ ಪಾಸ್‌ವರ್ಡ್ ಬದಲಿಸು, ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡ್ಸು. ದುಡ್ಡು ಹೋಗಿದ್ರೆ ತಡ ಮಾಡ್ದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡು.